ಹುಳದಕ್ಕನ ವಿರುದ್ಧ ಹದಿನೆಂಟು ಸಹಿ

ನಮ್ಮ ಬೀದಿಯ ತಿರುವಿನ ಕರೆಂಟು ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ನಡುವೆ ಅಕ್ಕನ ಫೋಟೋ. ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದದ್ದು. ಪಕ್ಕದಲ್ಲಿ ನಿಂತಿದ್ದ ಯಾರದೋ ಭುಜದ ತುಂಡು ಇನ್ನೂ ಉಳಿದುಕೊಂಡಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಪರಿಸರಪ್ರೇಮಿಗೆ ಭಾವಪೂರ್ಣ ಶ್ರದ್ಧಾಂಜಲಿ’. ಅದರ ಕೆಳಗೆ ಕೈ ಮುಗಿದು ನಿಂತ ಐವರು ಗಂಡಸರು, ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪದಾಧಿಕಾರಿಗಳು. ದಿನಾ ಬೆಳಿಗ್ಗೆ ಚನ್ನಪಟ್ಟಣದ ಬಸ್ಸಿಗೆ ಹೋಗುವಾಗ ಅದರ ಕೆಳಗೇ ಹಾದುಹೋಗಬೇಕು. ಹೋದಾಗಲೆಲ್ಲ ಮೈ ಉರಿಯುತ್ತದೆ. ಆ ಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ತಣ್ಣಗಾದ ಮೇಲೆ ಬರೆಯಬಹುದಿತ್ತು. ಆದರೆ ತಣ್ಣಗಾದ ಮೇಲೆ ನಾವು ಎಂಥದ್ದು ಬರೆಯುತ್ತೇವೆ ಅನ್ನುವುದು ಆ ಫ್ಲೆಕ್ಸಿನಲ್ಲೇ ಇದೆಯಲ್ಲ.

ಅಕ್ಕನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ. ಬೀದಿಯ ಮಕ್ಕಳಿಗೆ, ಹಾಲಿನವನಿಗೆ, ತರಕಾರಿ ಗಾಡಿಯವನಿಗೆ ಅವರು ‘ಹುಳದಕ್ಕ’. ಹಿಂದಿನಿಂದ ಆಡಿಕೊಳ್ಳುವವರಿಗೂ ಹುಳದಕ್ಕನೇ, ದನಿ ಮಾತ್ರ ಬೇರೆ.

ಅವರ ತವರು ಕೈಲಾಂಚದ ಕಡೆ. ರೇಷ್ಮೆಹುಳ ಸಾಕಿಕೊಂಡೇ ಬಂದ ಮನೆತನ. ರಾಮನಗರಕ್ಕೆ ಮದುವೆಯಾಗಿ ಬಂದಾಗ ಗಂಡನದು ಒಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ನಾನು ಎದುರು ಮನೆಗೆ ಬಾಡಿಗೆಗೆ ಬರುವ ಹೊತ್ತಿಗೆ ಗಂಡ ತೀರಿಹೋಗಿದ್ದರು, ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಮಗ, ಸೊಸೆ, ಅಕ್ಕ, ಜೊತೆಗೆ ಹಿತ್ತಲಿನಲ್ಲಿ ಗೋಣಿತಾಟು ಹೊದ್ದು ಸಾಲಾಗಿ ನಿಂತ ಆರು ನೀಲಿ ಡ್ರಮ್ಮುಗಳು. ಅಡುಗೆಮನೆಯ ಸಿಪ್ಪೆ ಸೊಪ್ಪೆಲ್ಲ ಆ ಡ್ರಮ್ಮುಗಳಿಗೆ ಹೋಗುತ್ತಿತ್ತು. ಒಳಗಿದ್ದ ಎರೆಹುಳಗಳು ಅದನ್ನು ತಿಂದು ಗೊಬ್ಬರ ಮಾಡುತ್ತಿದ್ದವು.

ನನಗೂ ಅವರಿಗೂ ಪರಿಚಯವಾದದ್ದೇ ಕಸದಿಂದ. ಬಂದ ಹೊಸತು. ಸಹೋದ್ಯೋಗಿಯ ಮಗಳ ಮದುವೆಗೆಂದು ರೇಷ್ಮೆ ಸೀರೆ ಉಟ್ಟುಕೊಂಡು ಹೊರಟಿದ್ದೆ. ಕೈಯಲ್ಲಿ ಹಿಂದಿನ ದಿನದ ಸಿಪ್ಪೆಯ ಕವರು. ಅಕ್ಕನ ಮನೆ ಪಕ್ಕದ ಖಾಲಿ ಸೈಟಿಗೆ ಎಲ್ಲರೂ ಎಸೆಯುತ್ತಿದ್ದರು, ನಾನೂ ಕೈ ಎತ್ತಿದೆ. ಗೇಟಿನೊಳಗಿಂದ ದನಿ ಬಂತು.

“ಅದುನ್ನ ಇಲ್ಲಿ ಕೊಡಿ ಟೀಚರಮ್ಮ. ಅಲ್ಲಿ ಯಾರು ತಿಂತಾರೆ ಅದ?”

ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಡ್ರಮ್ಮಿನ ಗೋಣಿ ಸರಿಸಿದರು. ಬಾಳೆಹಣ್ಣಿನ ಸಿಪ್ಪೆಯ ಅಡಿಯಲ್ಲಿ ನೂರಾರು ಕೆಂಪು ಹುಳಗಳು ಒಂದರ ಮೇಲೊಂದು ಹೊರಳುತ್ತಿದ್ದವು. ನಾನು ಚೀರಿ ಎರಡು ಹೆಜ್ಜೆ ಹಿಂದೆ ಸರಿದೆ, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡೆ. ಅಕ್ಕ ನನ್ನ ಸೀರೆಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು.

“ಯಾಕ್ರವ್ವ ಅಸಹ್ಯ ಪಟ್ಕತೀರಿ? ನೀವು ಉಟ್ಟಿರೋದೂ ಹುಳದ್ದೇ ಅಲ್ವಾ.”

ಹೀಗೆ ಮಾತಾಡುತ್ತಿದ್ದರು. ಕುಟುಕಬೇಕೆಂದು ಹುಡುಕಿ ಆಡಿದ ಮಾತಲ್ಲ ಅದು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ಒಂದು ಹುಳದ ಎಂಜಲನ್ನು ಮೈಗೆ ಸುತ್ತಿಕೊಂಡು ಮೆರೆಯುವವಳು ಇನ್ನೊಂದು ಹುಳ ಕಂಡರೆ ಯಾಕೆ ಹಾರುತ್ತಾಳೆಂದು.

ರೇಷ್ಮೆ ಸಾಕಿದ ಮನೆಯ ಶಿಸ್ತು ಅವರಿಂದ ಹೋಗಿರಲಿಲ್ಲ. ಡ್ರಮ್ಮು ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದರು, ಮುಟ್ಟಿದ ಮೇಲೆ ತೊಳೆಯುವುದು ಎಲ್ಲರೂ ಮಾಡುವ ಕೆಲಸ ಅನ್ನುತ್ತಿದ್ದರು. ಹೊಗೆಸೊಪ್ಪು ಹಾಕಿಕೊಂಡವರನ್ನು ಹಿತ್ತಲಿಗೆ ಬಿಡುತ್ತಿರಲಿಲ್ಲ. ತರಕಾರಿ ಸಿಪ್ಪೆಯನ್ನು ಕೂಡ ಹಾಗೇ ಸುರಿಯದೆ, ಮರಿಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿದಂತೆ ಸಣ್ಣಗೆ ಹೆಚ್ಚಿ ಹರಡುತ್ತಿದ್ದರು. “ಒಸಿ ಒಸಿ ಹಾಕ್ಬೇಕು. ಇಕ್ಕೋರು ಕೈ ದೊಡ್ದು ಅಂತ ಉಣ್ಣೋರ ಹೊಟ್ಟೆ ದೊಡ್ದಾಯ್ತದಾ?” ನಿಂಬೆಸಿಪ್ಪೆ, ಉಪ್ಪಿನಕಾಯಿ, ಮೊಸರನ್ನಕ್ಕೆ ಒಳಗೆ ಪ್ರವೇಶವಿರಲಿಲ್ಲ. ಅವರೆಕಾಯಿ ಕಾಲದಲ್ಲಿ ಮಾತ್ರ ಸುಮ್ಮನೆ ಕೂರುತ್ತಿರಲಿಲ್ಲ. ಮಂಕರಿ ಹಿಡಿದು ಮನೆಮನೆಗೆ ಹೋಗಿ ಅವರೆ ಸಿಪ್ಪೆ ಕೇಳಿ ತರುತ್ತಿದ್ದರು. ಬಾಗಿಲಿಗೆ ಬಂದು ಸಿಪ್ಪೆ ಬೇಡುವ ಹೆಂಗಸನ್ನು ನೋಡಿ ನಗುವವರು ನಗುತ್ತಿದ್ದರು. ಅವರ ಮನೆಯ ಗುಲಾಬಿ ಕುಂಡಕ್ಕೆ ಗೊಬ್ಬರ ಬೇಕಾದಾಗ ಅದೇ ಜನ ಅದೇ ಮಂಕರಿ ಹಿಡಿದು ಬರುತ್ತಿದ್ದರು. ಅಕ್ಕ ಒಬ್ಬರಿಗೂ ಇಲ್ಲ ಅಂದದ್ದು ನಾನು ಕಂಡಿಲ್ಲ.

ಇಲ್ಲ ಅನ್ನದಿದ್ದರೂ ಬಿಡುತ್ತಲೂ ಇರಲಿಲ್ಲ. ಖಾಲಿ ಸೈಟಿನ ಕಸ ಅವರಿಗೆ ಕಣ್ಣಿಗೆ ಬಿದ್ದ ಹೊಟ್ಟಿನ ಹಾಗೆ. ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗುವ ಗಂಡಸರು ನಿಲ್ಲಿಸದೆಯೇ ಎಡಗೈಯಲ್ಲಿ ಕವರು ಬೀಸಿ ಎಸೆದು ಹೋಗುತ್ತಿದ್ದರು. ಒಮ್ಮೆ ಹಿಂದಿನ ಬೀದಿಯ ಒಬ್ಬ ದೊಡ್ಡ ಮನುಷ್ಯ ಎಸೆದ ಕವರನ್ನು ಅಕ್ಕ ಎತ್ತಿಕೊಂಡು ಹೋಗಿ ಅವನ ಮನೆಯ ಗೇಟಿಗೇ ನೇತುಹಾಕಿದರು. ಅವನ ಹೆಂಡತಿ ಹೊರಗೆ ಬಂದಳು.

“ನಿಮ್ಮೆಜಮಾನ್ರ ಕೈಯಿಂದ ಬಿದ್ದೋಗಿತ್ತು ಕಣವ್ವ. ಪಾಪ, ನೋಡ್ಕಂಡಿಲ್ಲ. ಅದ್ಕೇ ತಂದೆ.”

ಆ ದೊಡ್ಡ ಮನುಷ್ಯನೇ ಮುಂದೆ ಸಂಘದ ಅಧ್ಯಕ್ಷನಾದ. ಕಟ್ಟಡದ ಕಂಟ್ರಾಕ್ಟು ಅವನ ಉದ್ಯೋಗ. ಸ್ವಂತದ್ದೊಂದು ಟ್ರಾಕ್ಟರೂ ಇತ್ತು.

ಒಂದು ಮಳೆಗಾಲದಲ್ಲಿ ಬೀದಿಯ ಇಬ್ಬರಿಗೆ ಡೆಂಗಿ ಜ್ವರ ಬಂತು. ಖಾಲಿ ಸೈಟಿನಲ್ಲಿ ಎಳನೀರು ಬುರುಡೆ, ಒಡೆದ ಬಕೆಟ್ಟು, ಪ್ಲಾಸ್ಟಿಕ್ ಲೋಟಗಳಲ್ಲೆಲ್ಲ ನೀರು ನಿಂತಿತ್ತು. ನಾತ ಬೀದಿಯ ತುದಿಯವರೆಗೂ ಹೊಡೆಯುತ್ತಿತ್ತು. ಯಾರಿಗೂ ಸೈಟು ಕಾಣಲಿಲ್ಲ. ಸೈಟಿಗೆ ಎಸೆದವರು ಸುತ್ತಲಿನ ಹದಿನೆಂಟು ಮನೆಯವರೂ ಆಗಿದ್ದರಿಂದ ಅದು ಕಾಣುವುದು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಒಟ್ಟಿಗೆ ಕಂಡದ್ದು ಅಕ್ಕನ ಡ್ರಮ್ಮುಗಳು. ಹುಳ ಇದ್ದಮೇಲೆ ರೋಗ, ರೋಗ ಇದ್ದಮೇಲೆ ಹುಳ. ಎರೆಹುಳಕ್ಕೂ ಸೊಳ್ಳೆಗೂ ಏನು ಸಂಬಂಧವೆಂದು ಕೇಳುವಷ್ಟು ಓದಿದವರು ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದರು. ನಾನೊಬ್ಬಳೇ ಸಾಕಾಗಿತ್ತು. ನಾನು ಕೇಳಲಿಲ್ಲ.

ಅಧ್ಯಕ್ಷನ ಹೆಂಡತಿ ಒಂದು ಬೆಳಿಗ್ಗೆ ಟೈಪು ಮಾಡಿದ ಅರ್ಜಿ ಹಿಡಿದು ಬಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟಿದ್ದೆ. “ಎಲ್ಲಾರೂ ಹಾಕವ್ರೆ ಮೇಡಂ, ನಿಮ್ದೊಂದು ಸೈನು” ಅಂದಳು. ಅವಸರದಲ್ಲಿ ಓದದೆ ಹಾಕಿದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಓದಿದ್ದೆ. ‘ಸದರಿ ಮನೆಯವರು ಅನಾರೋಗ್ಯಕರವಾದ ಹುಳಗಳನ್ನು ಸಾಕಿ ಧುರ್ವಾಸನೆ ಉಂಟುಮಾಡುತ್ತಿದ್ದು, ಅವುಗಳನ್ನು ತೆರವುಗೊಳಿಸಬೇಕಾಗಿ’ ಎಂದಿತ್ತು. ಓದಿದ್ದಷ್ಟೇ ಅಲ್ಲ, ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ‘ಧು’ ಅನ್ನು ‘ದು’ ಎಂದು ತಿದ್ದಿದೆ. ಕನ್ನಡದ ಟೀಚರಲ್ಲವೇ. ತಪ್ಪು ಕಂಡಲ್ಲಿ ಕೈ ಸುಮ್ಮನಿರುವುದಿಲ್ಲ. ವಾಕ್ಯದಲ್ಲಿದ್ದ ದೊಡ್ಡ ತಪ್ಪನ್ನು ಹಾಗೇ ಬಿಟ್ಟು ಆರು ಸಹಿಗಳ ಕೆಳಗೆ ಏಳನೆಯದಾಗಿ ನನ್ನದನ್ನೂ ಹಾಕಿ ಬಸ್ಸು ಹಿಡಿದೆ.

ಶನಿವಾರ ಅಕ್ಕ ಕೆಂಗಲ್ಲಿಗೆ ಹೋಗುವ ದಿನ. ಹನುಮಂತರಾಯನಿಗೆ ಕೈ ಮುಗಿದು, ಅಲ್ಲೇ ಒಂದು ಗಳಿಗೆ ಕೂತು, ಮಧ್ಯಾಹ್ನದ ಊಟಕ್ಕೆ ವಾಪಸು ಬರುತ್ತಿದ್ದರು. ಇದು ಬೀದಿಗೆಲ್ಲ ಗೊತ್ತು. ಆ ಶನಿವಾರ ಅವರು ಬಸ್ಸು ಹತ್ತಿ ಸ್ವಲ್ಪ ಹೊತ್ತಿಗೆ ಅಧ್ಯಕ್ಷನ ಟ್ರಾಕ್ಟರು ಬಂತು. ನಮಗೆ ಅರ್ಧ ದಿನದ ಶಾಲೆ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆರು ಡ್ರಮ್ಮುಗಳನ್ನೂ ಹಿತ್ತಲಿನಲ್ಲೇ ಬೋರಲು ಮಾಡಿ, ಖಾಲಿ ಡ್ರಮ್ಮುಗಳನ್ನು ಟ್ರಾಕ್ಟರಿಗೆ ಏರಿಸಿ ಒಯ್ದಿದ್ದರು. ನೆಲದ ಮೇಲೆ ರಾಶಿ ಬಿದ್ದ ಗೊಬ್ಬರದ ತುಂಬ ಬ್ಲೀಚಿಂಗ್ ಪೌಡರ್ ಸುರಿದಿದ್ದರು. ಬಿಸಿಲು ಬೇರೆ. ಬಿಳಿ ಪುಡಿಯ ನಡುವೆ ಹುಳಗಳು ಗಂಟು ಗಂಟಾಗಿ ಸುತ್ತಿಕೊಂಡು ಒಣಗುತ್ತಿದ್ದವು.

ಅಕ್ಕ ಪ್ರಸಾದದ ಪೊಟ್ಟಣ ಹಿಡಿದು ಬಂದರು. ನಾನು ನನ್ನ ಮನೆಯ ಕಿಟಕಿಯಲ್ಲಿ ನಿಂತಿದ್ದೆ, ಖಾಲಿ ಸೈಟಿನ ಆಚೆಗೆ ಅವರ ಹಿತ್ತಲು ಅಲ್ಲಿಂದ ಕಾಣುತ್ತಿತ್ತು. ಹೊರಗೆ ಹೋಗುವ ಧೈರ್ಯವಿರಲಿಲ್ಲ. ಅಕ್ಕ ಹಿತ್ತಲಿನ ಬಾಗಿಲಲ್ಲಿ ನಿಂತು ನೋಡಿದರು. ಪೊಟ್ಟಣವನ್ನು ಕಲ್ಲಿನ ಮೇಲಿಟ್ಟು ಬಿಂದಿಗೆಯಲ್ಲಿ ನೀರು ತಂದು ರಾಶಿಯ ಒಂದು ಅಂಚನ್ನು ತೊಳೆಯತೊಡಗಿದರು. ಸೊಸೆ ಅಳುತ್ತಾ ಏನೋ ಹೇಳುತ್ತಿದ್ದಳು. ಹಿತ್ತಲಿನ ಗೇಟಿನ ಬೀಗ ಮುರಿದಿರಲಿಲ್ಲ. ಮಗನೇ ತೆಗೆದುಕೊಟ್ಟಿದ್ದ. ಅಂಗಡಿಗೆ ಬರುವ ಗಿರಾಕಿಗಳೆಲ್ಲ ಇದೇ ಬಡಾವಣೆಯವರು. ಅಧ್ಯಕ್ಷ ಮನೆ ಕಟ್ಟಿಸುವವರನ್ನೆಲ್ಲ ಅಲ್ಲಿಗೇ ಕಳಿಸುತ್ತಿದ್ದ. ನಾಲ್ಕು ಜನ ಬಂದು ಅಂಗಡಿಯ ಮುಂದೆ ನಿಂತಾಗ ಅವನು ಬೀಗದಕೈ ಹಿಡಿದು ಎದ್ದುಬಂದಿದ್ದ.

“ಬೀಗ ಒಡ್ದಿದ್ರೆ ಜಗಳ ಆಡ್ಬೋದಿತ್ತು,” ಎಂದು ಅಕ್ಕ ಆಮೇಲೊಮ್ಮೆ ನನಗೆ ಹೇಳಿದರು. “ನನ್ ಮಗನೇ ತಗ್ದುಬುಟ್ಟ. ಇನ್ಯಾರ ಮ್ಯಾಲೆ ಆಡ್ಲಿ?”

ಮಾರನೆಯ ದಿನ ಭಾನುವಾರ, ಪಾರ್ಕಿನ ಮಂಟಪದಲ್ಲಿ ಸಂಘದ ಸಭೆ. ಹೆಂಗಸರು ಅಷ್ಟಾಗಿ ಹೋಗುವುದಿಲ್ಲ, ನಾನೂ ಹೋಗಿರಲಿಲ್ಲ. ಅಕ್ಕ ಹೋದರು. ಎರಡು ಬಕೆಟ್ಟು ಹಿಡಿದುಕೊಂಡು ಹೋದರು. ಒಂದರಲ್ಲಿ ಮನೆಯ ಮೂಲೆಯ ಚೀಲದಲ್ಲಿ ಉಳಿದಿದ್ದ ಹಳೆಯ ಎರೆಗೊಬ್ಬರ. ಇನ್ನೊಂದರಲ್ಲಿ ಖಾಲಿ ಸೈಟಿನಿಂದ ಸಲಿಕೆಯಲ್ಲಿ ತುಂಬಿದ್ದು. ಎರಡನ್ನೂ ಎತ್ತಿ ಅಧ್ಯಕ್ಷನ ಮುಂದಿನ ಟೇಬಲ್ಲಿನ ಮೇಲೆ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲೇ ಇಟ್ಟರು.

“ಮೂಸಿ ನೋಡಿ.”

ಮೂಸುವ ಅಗತ್ಯವೇ ಇರಲಿಲ್ಲ; ಎರಡನೆಯ ಬಕೆಟ್ಟಿನ ನಾತಕ್ಕೆ ಮುಂದಿನ ಸಾಲಿನವರು ಕರವಸ್ತ್ರ ತೆಗೆದಿದ್ದರು.

“ಇದು ನನ್ ಹುಳ ಮಾಡಿದ್ದು. ಇದು ನೀವು ಮಾಡಿದ್ದು. ನಾತ ಯಾವ್ದು ಹೊಡೀತೈತೆ, ಒಬ್ರಾದ್ರೂ ಬಾಯ್ಬುಟ್ಟು ಯೋಳಿ.”

ಅಧ್ಯಕ್ಷ ನಕ್ಕ. ಅವನಿಗೆ ಕೋಪ ಬಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಕ್ಕ. “ನೋಡಮ್ಮ, ಇದು ನನ್ನೊಬ್ಬನ ನಿರ್ಧಾರ ಅಲ್ಲ. ಇಡೀ ಬಡಾವಣೆ ಕೇಳಿರೋದು. ಡೆಮಾಕ್ರಸಿ” ಎಂದು ಅರ್ಜಿ ತೆಗೆದು ಮುಂದಿಟ್ಟ.

“ರೇಷ್ಮೆ ಹುಳುಮನೆಗೆ ಬ್ಲೀಚಿಂಗ್ ಹೊಡಿಯೋದು ಹುಳ ತರೋಕೆ ಮುಂಚೆ ಕಣಪ್ಪ, ರೋಗ ಸಾಯ್ಲಿ ಅಂತ,” ಅಂದರು ಅಕ್ಕ. “ಹುಳ ಮೇಯ್ತಿರೋವಾಗ ಹೊಡಿಯೋರ್ನ ನಾನು ಈ ವಯಸ್ಸಿಗೆ ಇವತ್ತೇ ನೋಡಿದ್ದು.”

ಅಷ್ಟು ಹೇಳಿ ಅರ್ಜಿ ಎತ್ತಿಕೊಂಡರು. ಅವರು ಓದಿದ್ದು ಏಳನೇ ಕ್ಲಾಸು. ಬೆರಳಿಟ್ಟು ಓದುತ್ತಿದ್ದರು. ಮೊದಲು ತಮ್ಮ ಹೆಸರು ಓದಿಕೊಂಡರು. ಆಮೇಲೆ ಸಹಿಗಳ ಪಕ್ಕದಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ, ಜೋರಾಗಿ. ಗುಲಾಬಿಗೆ ಗೊಬ್ಬರ ಒಯ್ದವರ ಹೆಸರು. ಮಗಳ ಬಾಣಂತನಕ್ಕೆ ಅಕ್ಕನಿಂದ ಸೊಪ್ಪು ಬೆಳೆಸಿಕೊಂಡು ಹೋದವರ ಹೆಸರು. ಏಳನೆಯದಕ್ಕೆ ಬಂದಾಗ ಬೆರಳು ನಿಂತಿತಂತೆ. ಓದಲಿಲ್ಲವಂತೆ. ಮುಂದಿನದಕ್ಕೆ ಹೋದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಆ ಸಭೆಯಲ್ಲಿದ್ದ ಪಕ್ಕದ ಮನೆಯಾತ. ನನ್ನ ಹೆಸರನ್ನು ಬಿಟ್ಟರೆಂದು ಸಮಾಧಾನ ಹೇಳುವವನ ಹಾಗೆ ಹೇಳಿದ.

ಸಂಜೆ ಅವರ ಹಿತ್ತಲಿಗೆ ಹೋದೆ. ಅಕ್ಕ ಬಚ್ಚಲ ನೀರು ಹರಿಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒದ್ದೆ ಮಣ್ಣನ್ನು ಬೆರಳಲ್ಲಿ ಕೆದಕುತ್ತಿದ್ದರು. ಬದುಕಿ ತೆವಳಿಹೋದ ಹುಳಗಳನ್ನು ಹುಡುಕಿ ತೆಂಗಿನ ಚಿಪ್ಪಿಗೆ ಹಾಕುತ್ತಿದ್ದರು. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

“ಅಕ್ಕ, ನಾನು…”

“ನಿನ್ ಸೈನು ಚೆನ್ನಾಗೈತೆ ಕಣವ್ವ. ಗುಂಡುಗೆ. ಆ ಕೆಂಪಿಂಕಲ್ಲಿ ತಿದ್ದಿದ್ದೂ ನೀನೇನಾ?”

ಅಲ್ಲಿಯವರೆಗೆ ಅವರು ನನ್ನನ್ನು ‘ನೀವು’ ಅನ್ನುತ್ತಿದ್ದರು. ಹೌದು ಅಂದೆ.

“ಮದ್ವೆ ಪತ್ರಿಕೆ ಬುಟ್ರೆ ನನ್ ಹೆಸ್ರು ಅಚ್ಚಾಗಿದ್ದು ಇದೇ ಮೊದ್ಲು. ಅದ್ರಲ್ಲೂ ನಾತದ ಪಕ್ಕದಲ್ಲಿ. ಇನ್ಮೇಲೆ ಯಾವ ಪೇಪರ್ನಾಗೂ ಬರ್ಕೂಡ್ದು ನನ್ ಹೆಸ್ರು.”

ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು. “ಅದೆಲ್ಲ ಬ್ಯಾಡ. ಸೆರಗು ಸಿಗ್ಸಿ ಕೂತ್ಕೊ. ಆ ಕಡೆಯಿಂದ ಹುಡ್ಕು. ಕತ್ಲಾಯ್ತದೆ.”

ಕೂತೆ. ಮೊದಲ ಬಾರಿಗೆ ಎರೆಹುಳವನ್ನು ಬೆರಳಲ್ಲಿ ಹಿಡಿದೆ. ತಣ್ಣಗೆ, ಜಾರುತ್ತಾ, ಹಿಡಿದಷ್ಟೂ ತಪ್ಪಿಸಿಕೊಳ್ಳುತ್ತಿತ್ತು. ಕತ್ತಲಾಗುವವರೆಗೂ ಹುಡುಕಿದೆವು. ಚಿಪ್ಪಿನ ತಳ ಮುಚ್ಚುವಷ್ಟು ಸಿಕ್ಕವು. ಪುಡಿಯ ಕಾವು ತಗುಲಿತ್ತೇನೋ, ವಾರ ಕಳೆಯುವುದರೊಳಗೆ ಅವೂ ಸತ್ತವು.

ಆಮೇಲೆ ಏನಾಯಿತೆಂದರೆ, ಏನೂ ಆಗಲಿಲ್ಲ. ಅದೇ ನನಗೆ ಈಗಲೂ ಅರಗದ ಸಂಗತಿ. ಡ್ರಮ್ಮು ಹೋದ ಮೇಲೆ ನಾತ ಹೋಗಲಿಲ್ಲ, ಹೆಚ್ಚಾಯಿತು. ಅಕ್ಕನಿಗೆ ಕೊಡುತ್ತಿದ್ದ ಏಳೆಂಟು ಮನೆಗಳ ಸಿಪ್ಪೆಯೂ ಈಗ ಸೈಟಿಗೇ ಬೀಳುತ್ತಿತ್ತು. ನಾಯಿಗಳು ಬಂದವು, ಹಂದಿಗಳು ಬಂದವು. ಮತ್ತೊಬ್ಬರಿಗೆ ಡೆಂಗಿ ಬಂತು. ಹದಿನೆಂಟು ಸಹಿಗಳಲ್ಲಿ ಒಬ್ಬರಾದರೂ ‘ನಾವು ಅಂದುಕೊಂಡದ್ದು ತಪ್ಪಾಯಿತೇನೋ’ ಅನ್ನಲಿಲ್ಲ. ಹೆಂಗಸರು ಮೂಗು ಮುಚ್ಚಿಕೊಂಡೇ ಕವರು ಎಸೆದು ಓಡುತ್ತಿದ್ದರು. ಅಕ್ಕನ ಮನೆಯ ಮುಂದೆ ಹಾದುಹೋಗುವಾಗ ‘ಊಟ ಆಯ್ತಾ ಅಕ್ಕ’ ಎಂದು ಕೇಳುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಹಲ್ಲು ಕಾಣುವಷ್ಟು ನಗು. ಅಕ್ಕ ಉತ್ತರ ಕೊಡುತ್ತಿದ್ದರು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಒಂದು ದಿನ ಅವರೇ ನಮ್ಮ ಬಾಗಿಲಿಗೆ ಬಂದರು. “ನಾಳಿಕೆ ರಜಾ ಅಲ್ವಾ? ಕೈಲಾಂಚಕ್ಕೆ ಹೋಗ್ಬತ್ತೀನಿ. ಬತ್ತೀಯಾ?”

ಅವರ ತಮ್ಮನ ಹೆಂಡತಿಗೆ ಕೆಲವು ವರ್ಷಗಳ ಹಿಂದೆ ಒಂದು ಬೊಗಸೆ ಹುಳ ಕೊಟ್ಟಿದ್ದರಂತೆ. ಹೋದರೆ, ಆಕೆ ಹಸುವಿನ ಕೊಟ್ಟಿಗೆಯ ಹಿಂದೆ ಕಲ್ಲುಚಪ್ಪಡಿ ನಿಲ್ಲಿಸಿ ದೊಡ್ಡ ತೊಟ್ಟಿಯನ್ನೇ ಮಾಡಿದ್ದಳು. ರೇಷ್ಮೆಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಹಿಕ್ಕೆಯೆಲ್ಲ ಅದಕ್ಕೇ. ಗೋಣಿ ಸರಿಸಿದರೆ ಕೆಂಪಗೆ ಕುದಿಯುತ್ತಿತ್ತು. ಅಕ್ಕ ಮೊಣಕೈವರೆಗೆ ಕೈ ಇಳಿಸಿ ಸುಮ್ಮನೆ ಹಾಗೇ ಕೂತರು. ಆ ಶನಿವಾರದಿಂದ ಅತ್ತಿರದ ಹೆಂಗಸು ಅಲ್ಲಿ ಅತ್ತರು. ತಮ್ಮನ ಹೆಂಡತಿ ಗಾಬರಿಯಿಂದ “ಯಾಕಕ್ಕ, ಏನಾಯ್ತು?” ಅಂದಳು.

“ಏನಿಲ್ಲ ಕಣೆ. ಚೆನ್ನಾಗ್ ಸಾಕಿದ್ದೀಯೆ.”

ಬರುವಾಗ ಬಸ್ಸಿನಲ್ಲಿ ಅಕ್ಕನ ತೊಡೆಯ ಮೇಲೆ ಒದ್ದೆ ಗೋಣಿಯ ಗಂಟು. ನೀರು ಒಸರುತ್ತಿತ್ತು. ಕಂಡಕ್ಟರು ಬಗ್ಗಿ ನೋಡಿದ. “ಏನವ್ವ ಅದು, ಮೀನಾ?”

“ಹುಳ.”

ನಮ್ಮ ಮುಂದಿನ ಸೀಟಿನಾತ ಎದ್ದು ಹಿಂದಕ್ಕೆ ಹೋದ. ಕಂಡಕ್ಟರು “ಲಗೇಜು ಟಿಕೆಟ್ ತಗೋಬೇಕಾಯ್ತದೆ” ಎಂದು ರೇಗಿಸಿದ.

“ಹೆಂಗಸ್ರುಗೆ ಫ್ರೀ ಅಲ್ವೇನಪ್ಪ? ಇವು ಒಂದೇ ಮೈನಾಗೆ ಹೆಣ್ಣೂ ಹೌದು, ಗಂಡೂ ಹೌದು. ಬೇಕಿದ್ರೆ ಅರ್ಧ ಟಿಕೆಟ್ ಹರಿ.”

ಇಡೀ ಬಸ್ಸು ನಕ್ಕಿತು. ಅಕ್ಕನೂ ನಕ್ಕರು. ನಾನು ಕೂಡ ಬಹಳ ದಿನಗಳ ಮೇಲೆ ಅವರ ಪಕ್ಕದಲ್ಲಿ ಕೂತು ತಲೆ ತಗ್ಗಿಸದೆ ನಕ್ಕೆ.

ಡ್ರಮ್ಮು ಇರಲಿಲ್ಲ. ಹುಳಗಳನ್ನು ಹಳೆಯ ಸಿಮೆಂಟು ತೊಟ್ಟಿಯೊಂದರಲ್ಲಿ ಬಿಟ್ಟು, ಮೇಲೆ ತಮ್ಮದೇ ಹಳೆಯ ಸೀರೆ ಮುಚ್ಚಿದ್ದರು. ಮಗನ ಜೊತೆ ಅವರಿಗೆ ಮಾತು ಹೆಚ್ಚಿರಲಿಲ್ಲ. ಉಣ್ಣಲು ಕರೆಯುತ್ತಿದ್ದರು, ಅಷ್ಟೇ. ಒಂದು ಬೆಳಿಗ್ಗೆ ನೋಡಿದರೆ ಹಿತ್ತಲಿನಲ್ಲಿ ಒಂದು ಹೊಸ ನೀಲಿ ಡ್ರಮ್ಮು ನಿಂತಿತ್ತು. ಸುತ್ತ ಗಾಳಿಯಾಡಲು ತೂತು, ಅಡಿಯಲ್ಲಿ ನೀರಿಳಿಯಲು ನಲ್ಲಿ. ಮಗ ಅಂಗಡಿಯಲ್ಲೇ ಡ್ರಿಲ್ಲು ಹಿಡಿದು ಕೊರೆದು ತಂದಿಟ್ಟು, ಏನೂ ಹೇಳದೆ ಗಾಡಿ ಹತ್ತಿ ಹೋಗಿದ್ದ. ಅಕ್ಕ ಡ್ರಮ್ಮಿನ ಸುತ್ತ ಒಂದು ಸುತ್ತು ಬಂದರು. ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಅವರು ಅಂದದ್ದು ಒಂದೇ ಮಾತು: “ತೂತು ಒಸಿ ದೊಡ್ದಾಯ್ತು.” ಮರುದಿನ ಇನ್ನೊಂದು ಡ್ರಮ್ಮು ಬಂತು, ಸಣ್ಣ ತೂತಿನದು.

ಮತ್ತೆ ಆರಾದವು. ಏಳನೆಯದು ನನ್ನ ಮನೆಯ ಹಿಂದೆ. ಅಕ್ಕ ವಾರಕ್ಕೊಮ್ಮೆ ಬಂದು ಇನ್‌ಸ್ಪೆಕ್ಷನ್ ಮಾಡುತ್ತಿದ್ದರು. “ಇದೇನು ಹಿಂಗೆ ಕೆಸ್ರಾಗೈತೆ? ಒಣಗಿದೆಲೆ ಹಾಕು. ಮಕ್ಳು ಬರ್ದಿದ್ದು ತಿದ್ದೀಯೆ, ಇದ್ನ ನೋಡಾಕಾಗಲ್ವಾ?” ಎಂದು ನನ್ನನ್ನು ನಿಲ್ಲಿಸಿ ಬೈಯುತ್ತಿದ್ದರು. ಅರ್ಜಿಯ ವಿಷಯ ಮತ್ತೆ ಎತ್ತಲಿಲ್ಲ. ಕ್ಷಮಿಸಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ‘ನೀನು’ ಅನ್ನುವುದನ್ನಂತೂ ‘ನೀವು’ ಎಂದು ಬದಲಿಸಲಿಲ್ಲ. ಅದನ್ನೇ ನಾನು ಇಟ್ಟುಕೊಂಡಿದ್ದೇನೆ.

ಸಂಘದವರು ಎರಡನೆಯ ಸಲ ಬರಲಿಲ್ಲ. ಬರುವ ಮಾತಾಡಿದಾಗ ಮಗ ಅಂಗಡಿಯಿಂದ ಎದ್ದು ಹೋಗಿ, ಬೇರೆ ಕಡೆ ಸಿಮೆಂಟು ಕೊಂಡುಕೊಳ್ಳಿ ಎಂದು ಅಧ್ಯಕ್ಷನಿಗೆ ಹೇಳಿದನಂತೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅಕ್ಕ ಸೊಪ್ಪು ಸೋಸುತ್ತಾ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು.

ತಿಥಿಯ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಊಟಕ್ಕೆ ಮೊದಲು ಎರಡು ಮಾತಾಡುತ್ತೇನೆಂದು ಅಧ್ಯಕ್ಷನೇ ಮೈಕು ತರಿಸಿದ್ದ. ಎಲೆ ಹಾಕಿ ಆಗಿತ್ತು. ವಡೆ ಬಡಿಸಿದ್ದರು. ಅವನು ಎದ್ದು ಗಂಟಲು ಸರಿಮಾಡಿಕೊಂಡ.

“ನಮ್ಮ ಬಡಾವಣೆ ಇವತ್ತು ಒಬ್ಬ ಮಹಾನ್ ತಾಯಿಯನ್ನ ಕಳಕೊಂಡಿದೆ. ಕಸದಿಂದ ರಸ ಅನ್ನೋದನ್ನ ತೋರಿಸಿಕೊಟ್ಟವರು. ಮೊದಲಿನಿಂದಲೂ ನಮ್ಮ ಸಂಘ ಅವರ ಬೆನ್ನ ಹಿಂದೆ ನಿಂತಿತ್ತು ಅನ್ನೋದಕ್ಕೆ ನನಗೆ ಹೆಮ್ಮೆ ಇದೆ.”

ಹೆಮ್ಮೆಯಂತೆ. ನನ್ನ ಎಲೆಯ ಮೇಲೆ ಕೈ ಇಟ್ಟುಕೊಂಡು ಸುತ್ತ ನೋಡಿದೆ. ಎಲ್ಲರೂ ತಲೆ ಆಡಿಸುತ್ತಿದ್ದರು. ಒಬ್ಬಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಂಟನೆಯ ಸಹಿ ಅವಳದು. ನಾನು ಎದ್ದು ನಿಂತೆ. ತರಗತಿಯಲ್ಲಿ ನಲವತ್ತು ಮಕ್ಕಳಿಗೆ ಕೇಳುವಂತೆ ಮಾತಾಡಿ ಅಭ್ಯಾಸ, ನನಗೆ ಮೈಕು ಬೇಕಿರಲಿಲ್ಲ.

“ಬೆನ್ನ ಹಿಂದೆ ನಿಂತಿದ್ದು ನಿಜ ಅಧ್ಯಕ್ಷರೇ. ಬ್ಲೀಚಿಂಗ್ ಪೌಡರ್ ಹಿಡ್ಕೊಂಡು ನಿಂತಿದ್ರಿ. ಅರ್ಜಿ ಟೈಪ್ ಆಗಿದ್ದು ನಿಮ್ಮನೇಲಿ. ಟ್ರಾಕ್ಟರು ನಿಮ್ದು. ಅವರು ದೇವಸ್ಥಾನಕ್ಕೆ ಹೋಗೋ ದಿನ ನೋಡ್ಕೊಂಡು ಬಂದ್ರಿ. ಆ ಅರ್ಜಿಗೆ ಹದಿನೆಂಟು ಸಹಿ ಇತ್ತು, ಏಳನೇದು ನಂದು. ಓದಿ ಹಾಕಿದ್ದೆ. ತಪ್ಪು ತಿದ್ದಿ ಹಾಕಿದ್ದೆ.”

ಬಡಿಸುವವರ ಕೈ ನಿಂತಿತು. “ಮೇಡಂ, ಇದು ಸಂದರ್ಭ ಅಲ್ಲ,” ಅಂದ ಅಧ್ಯಕ್ಷ. ನನ್ನ ಪಕ್ಕದಲ್ಲಿದ್ದವಳು ಸೀರೆ ಜಗ್ಗಿ “ಊಟದ ಹೊತ್ನಲ್ಲಿ ಯಾಕೆ ಮೇಡಂ ಇವೆಲ್ಲ” ಎಂದು ಪಿಸುಗುಟ್ಟಿದಳು. ಅವರು ಬದುಕಿದ್ದಾಗ ಸಂದರ್ಭ ಬಂದಿರಲಿಲ್ಲ, ಸತ್ತ ಮೇಲೂ ಇದು ಸಂದರ್ಭವಲ್ಲ.

ಆಗ ಅಕ್ಕನ ಮಗ, ತಲೆ ಬೋಳಿಸಿಕೊಂಡು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದ್ದವನು, ಮುಂದೆ ಬಂದು ಅಧ್ಯಕ್ಷನ ಕೈಯಿಂದ ಮೈಕು ತೆಗೆದುಕೊಂಡ.

“ಗೇಟು ತಗ್ದಿದ್ದು ನಾನು,” ಅಂದ.

ಮೈಕು ಕೆಳಗಿಟ್ಟು ಒಳಗೆ ಹೋದ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದ ಆ ಹೆಂಗಸು ಎಲೆ ನೋಡುತ್ತಾ, “ನಂದೂ ಇತ್ತು ಮೇಡಂ ಅದ್ರಲ್ಲಿ” ಅಂದಳು. ನಾನು ಕಾದೆ. ಒಂದೊಂದೇ ಮುಖ ನೋಡುತ್ತಾ, ನಿಂತೇ ಕಾದೆ.

ಉಳಿದ ಹದಿನಾರು ಜನ ಪಾಯಸ ಹಾಕಿಸಿಕೊಂಡರು.